18ನೇ ಶತಮಾನದ ಗೌನ್ ಹೊಲಿಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವುದು ಸುಮಾರು 1740ರಿಂದ 1790ರವರೆಗೆ ಇಂಗ್ಲೆಂಡ್ ಮತ್ತು ಫ್ರಾನ್ಸಿನ ಹೆಂಗಸರು ಹಾಕುತ್ತಿದ್ದ ಗೌನ್‌ಗಳ ವಿಷಯ. ಬ್ಲೌಸ್ ಹೊಲಿದು ಅಭ್ಯಾಸವಿದ್ದು, ಕೈಹೊಲಿಗೆ ಅಂದರೆ ಬೇಸರಪಡದವರು ಯಾರು ಬೇಕಾದರೂ ಇದನ್ನು ಹೊಲಿಯಬಹುದು. ಓದುವಾಗ ಒಂದು ಮಾತು ತಲೆಯಲ್ಲಿರಲಿ: ಆ ಕಾಲದಲ್ಲಿ ಬಟ್ಟೆ ದುಬಾರಿ, ಹೊಲಿಗೆ ಕೂಲಿ ಅಗ್ಗ. ಈಗ ಪೂರ್ತಿ ಉಲ್ಟಾ. ಕೆಳಗಿನ ಅರ್ಧಕ್ಕರ್ಧ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಸಿಗುತ್ತದೆ.

ಆ ನೂರು ವರ್ಷವೂ ಗೌನ್ ಒಂದೇ ಥರ ಇತ್ತಾ?

ಇರಲಿಲ್ಲ. ಅದಕ್ಕೇ ಮೊದಲು ಇಸವಿ ಗೊತ್ತು ಮಾಡಿಕೊಳ್ಳಿ, ಆಮೇಲೆ ಬಟ್ಟೆ ಅಂಗಡಿಗೆ ಹೋಗಿ. ಶತಮಾನದ ಶುರುವಿನಲ್ಲಿ ಇದ್ದದ್ದು ಮ್ಯಾಂಟುವಾ. ಮುಂದೆ ತೆರೆದ ಸಡಿಲ ನಿಲುವಂಗಿಯಿಂದ ಬೆಳೆದು ಬಂದ ಉಡುಪು ಅದು. ನಡುವಿನ ದಶಕಗಳಲ್ಲಿ ಎರಡು ಬಗೆ ಎದ್ದು ಕಾಣುತ್ತವೆ. ಒಂದು ಫ್ರೆಂಚ್ ಗೌನ್, ಅಂದರೆ ರೋಬ್ ಅ ಲಾ ಫ್ರಾನ್ಸೇಸ್. ಇದಕ್ಕೆ ಬೆನ್ನ ಮೇಲೆ, ಕತ್ತಿನ ಹತ್ತಿರ ಅಗಲವಾದ ಬಾಕ್ಸ್ ನೆರಿಗೆ. ಆ ನೆರಿಗೆ ಸೊಂಟದಲ್ಲಿ ಎಲ್ಲೂ ಸಿಕ್ಕಿಕೊಳ್ಳದೆ ನೇರ ನೆಲದವರೆಗೆ ಇಳಿಯುತ್ತದೆ. ಇನ್ನೊಂದು ಇಂಗ್ಲಿಷ್ ಗೌನ್. ಇದರ ಬೆನ್ನು ಮೈಗೆ ಅಂಟಿಕೊಂಡಿರುತ್ತದೆ. 1770ರ ದಶಕದಲ್ಲಿ ಕೆಳಭಾಗವನ್ನು ಹಿಂದೆ ಎತ್ತಿ ಕಟ್ಟುವ ಪೊಲೊನೇಸ್ ಗೌನ್ ಬಂತು, 1780ರ ದಶಕದಲ್ಲಿ ಮಸ್ಲಿನ್ನಿನ ಶೆಮೀಸ್ ಗೌನ್. ಶತಮಾನ ಮುಗಿಯುವ ಹೊತ್ತಿಗೆ ಸೊಂಟದ ಗೆರೆ ಎದೆಯ ಕೆಳಗೇ ಬಂದು ನಿಂತಿತ್ತು.

ಹೊಸಬರಿಗೆ ನಾನು ಹೇಳುವುದು 1770ರ ಆಸುಪಾಸಿನ ಇಂಗ್ಲಿಷ್ ಗೌನ್. ಬಟ್ಟೆ ಕಡಿಮೆ ಸಾಕು, ಅಗಲವಾದ ಹೂಪ್ (ಲಂಗವನ್ನು ಪಕ್ಕಕ್ಕೆ ಅಗಲಿಸಲು ಒಳಗೆ ಕಟ್ಟುವ ಬಳೆಗಳ ಚೌಕಟ್ಟು) ಬೇಡ, ಹತ್ತಿ, ಲಿನನ್, ರೇಷ್ಮೆ ಯಾವುದರಲ್ಲಾದರೂ ಸರಿಹೋಗುತ್ತದೆ.

ಯಾವುದರಿಂದ ಶುರು ಮಾಡಬೇಕು? ಗೌನನ್ನೇ ಮೊದಲು ಹೊಲಿದರೆ ಏನಾಗುತ್ತೆ?

ಹಾಳಾಗುತ್ತದೆ. ಗೌನಿನ ಅಳತೆ ತೆಗೆಯುವುದು ಬರೀ ಮೈಮೇಲೆ ಅಲ್ಲ, ಒಳಗಿನ ಉಡುಪುಗಳ ಮೇಲೆ. ಆದ್ದರಿಂದ ಒಳಗಿನಿಂದ ಹೊರಗೆ ಬನ್ನಿ. ಮೊದಲು ಶಿಫ್ಟ್, ಅದರ ಮೇಲೆ ಸ್ಟೇಸ್ (ಗಟ್ಟಿ ಪಟ್ಟಿಗಳನ್ನು ತುಂಬಿ ಹೊಲಿದ, ಮುಂಡಕ್ಕೆ ಬಿಗಿಯುವ ಒಳಉಡುಪು), ಆಮೇಲೆ ಸೊಂಟಕ್ಕೆ ಕಟ್ಟುವ ಜೇಬು, ಸೊಂಟದ ಪ್ಯಾಡ್ ಅಥವಾ ಹೂಪ್, ಒಳಲಂಗ, ಹೊರಗೆ ಕಾಣುವ ಲಂಗ, ಎಲ್ಲಾ ಆದ ಮೇಲೆ ಗೌನ್. ಹೂಪ್ ಇಲ್ಲದೆ ಅಳತೆ ತೆಗೆದ ಲಂಗಕ್ಕೆ ಹೂಪ್ ಹಾಕಿದರೆ ಪಕ್ಕದಲ್ಲಿ ಕಣಕಾಲು ಕಾಣುತ್ತದೆ.

ಶಿಫ್ಟ್ ಅಂದರೆ ಬರೀ ಶಿಮ್ಮಿ ತಾನೆ? ಕಾಣದ ಬಟ್ಟೆಗೆ ಅಷ್ಟು ಕಷ್ಟ ಯಾಕೆ?

ಮೈಗೆ ತಾಗುವುದು ಅದೊಂದೇ, ಅದಕ್ಕೆ. ಬೆವರು ಹೀರುವುದೂ ಒಗೆಯಲು ಹೋಗುವುದೂ ಅದೇ. ಬಿಳಿ ಲಿನನ್‌ನಲ್ಲಿ ಹೊಲಿಯಿರಿ. ಕತ್ತರಿಸುವುದು ತುಂಬಾ ಸುಲಭ, ಯಾಕೆಂದರೆ ಎಲ್ಲವೂ ಆಯತ, ಚೌಕ, ತ್ರಿಕೋನ. ಮೇಲ್ಭಾಗದ ಎರಡು ಪಕ್ಕದಿಂದ ಓರೆಯಾಗಿ ತೆಗೆದ ತುಂಡನ್ನು ಕೆಳಭಾಗದ ಪಕ್ಕಕ್ಕೆ ಸೇರಿಸಿದರೆ ಘೇರು ಬರುತ್ತದೆ. ಒಂದು ಚೂರೂ ದಂಡವಾಗುವುದಿಲ್ಲ. ಕಂಕುಳಿಗೆ ಒಂದು ಚೌಕದ ತುಂಡು ಸೇರಿಸಿದರೆ ಕೈ ಎತ್ತಿದಾಗ ಹರಿಯುವುದಿಲ್ಲ. ಹೊಲಿಗೆಯ ಅಂಚುಗಳನ್ನೆಲ್ಲ ಮಡಚಿ ಹೆಮ್ ಮಾಡಿ. ಒಗೆದಾಗ ದಾರ ಬಿಟ್ಟುಕೊಳ್ಳಬಾರದಲ್ವಾ.

ಇಷ್ಟವಿದ್ದರೆ ಕತ್ತಿನ ಸೀಳಿನ ಹತ್ತಿರ ಕೆಂಪು ದಾರದಲ್ಲಿ ನಿಮ್ಮ ಹೆಸರಿನ ಮೊದಲ ಅಕ್ಷರ, ಪಕ್ಕದಲ್ಲಿ ಒಂದು ಅಂಕಿ, ಪುಟ್ಟ ಕ್ರಾಸ್ ಸ್ಟಿಚ್‌ನಲ್ಲಿ ಹಾಕಿ. ಉಳಿದು ಬಂದ ಶಿಫ್ಟ್‌ಗಳಲ್ಲಿ ಈ ಗುರುತು ಕಾಣುತ್ತದೆ. ರಾಶಿ ಬಟ್ಟೆ ಒಗೆಯಲು ಹೋದಾಗ ಯಾರದು, ಎಷ್ಟನೆಯದು ಅಂತ ಲೆಕ್ಕ ಸಿಗಲಿ ಅಂತ ಮಾಡುತ್ತಿದ್ದ ಗುರುತು. ಗೌನಿಗೆ ಹಚ್ಚುವ ಹತ್ತು ಮೀಟರ್ ಲೇಸಿಗಿಂತ ಇಷ್ಟೇ ಇಷ್ಟು ಕೆಂಪು ಗುರುತು ನನಗೆ ಹೆಚ್ಚು ಇಷ್ಟ.

ಸ್ಟೇಸ್ ಬೇಕೇ ಬೇಕಾ? ಉಸಿರು ಕಟ್ಟುವುದಿಲ್ವಾ?

ಬೇಕೇ ಬೇಕು. ಉಸಿರು ಕಟ್ಟುವುದಿಲ್ಲ. ಅಳತೆ ತಪ್ಪಿದ್ದರೆ ಮಾತ್ರ ಕಟ್ಟುತ್ತದೆ.

ಸೊಂಟವನ್ನು ಹಿಂಡಿ ಮರಳುಗಡಿಯಾರದ ಆಕಾರ ಮಾಡುವುದು ಮುಂದಿನ ಶತಮಾನದ ಕಾರ್ಸೆಟ್‌ನ ಕೆಲಸ. 18ನೇ ಶತಮಾನದ ಸ್ಟೇಸ್ ಮುಂಡವನ್ನು ತಲೆಕೆಳಗಾದ ಶಂಕುವಿನ ಆಕಾರಕ್ಕೆ ತರುತ್ತದೆ. ಎದೆ ಮೇಲೆ ಏಳುತ್ತದೆ, ಮುಂಭಾಗ ನಯವಾಗುತ್ತದೆ, ಬೆನ್ನು ನೆಟ್ಟಗಾಗುತ್ತದೆ. ಸೊಂಟದಲ್ಲಿ ಒಂದೆರಡು ಇಂಚು ಇಳಿದರೆ ಹೆಚ್ಚು. ಹೊಲದಲ್ಲಿ ದುಡಿಯುವವರು, ಮನೆಗೆಲಸದವರು ಕೂಡ ಇದನ್ನೇ ಹಾಕಿಕೊಂಡು ದಿನವಿಡೀ ದುಡಿದರು. ಸೊಂಟಕ್ಕೆ ಕಟ್ಟಿದ ಎಷ್ಟೋ ಲಂಗಗಳ ಭಾರವನ್ನು ಹೊರುವುದೂ ಇದೇ. ಲಾಡಿಗಳು ಮಾಂಸಕ್ಕೆ ಕೊರೆಯದಂತೆ ತಡೆಯುತ್ತದೆ.

ಹೊಲಿಯುವಾಗ ಮೂರು ಕಡೆ ಎಚ್ಚರ ಇರಲಿ. ಕೆಳಗಿನ ಅಂಚನ್ನು ಸೊಂಟದ ಗೆರೆಯವರೆಗೆ ಸೀಳಿ ಪಟ್ಟಿಪಟ್ಟಿ ಮಾಡಬೇಕು. ಆ ಪಟ್ಟಿಗಳು ಸೊಂಟದ ಮೇಲೆ ಬಿಚ್ಚಿಕೊಂಡು ಕೂರುತ್ತವೆ. ಸೀಳು ಗಿಡ್ಡವಾದರೆ ಪಕ್ಕೆ ಕೊರೆಯುತ್ತದೆ. ಎರಡನೆಯದು ಲೇಸ್ ಹಾಕುವ ರೀತಿ. ಒಂದೇ ದಾರ, ಒಂದು ತುದಿಯಿಂದ ಇನ್ನೊಂದು ತುದಿಗೆ ಸುತ್ತಿಕೊಂಡು ಹೋಗುತ್ತದೆ. ಶೂ ಲೇಸಿನ ಥರ ಅಡ್ಡಡ್ಡ ಅಲ್ಲ. ಅದಕ್ಕೇ ಎರಡು ಬದಿಯ ತೂತುಗಳು ಎದುರುಬದುರು ಇರದೆ ಸ್ವಲ್ಪ ಹೆಚ್ಚುಕಮ್ಮಿ ಎತ್ತರದಲ್ಲಿರಬೇಕು. ಮೂರನೆಯದು ಆ ತೂತು. ಲೋಹದ ಐಲೆಟ್ ಬಂದದ್ದು 19ನೇ ಶತಮಾನದಲ್ಲಿ. ಆದ್ದರಿಂದ ಕತ್ತರಿ ಮುಟ್ಟಬೇಡಿ. ದಬ್ಬಣ ತೂರಿಸಿ ಎಳೆಗಳನ್ನು ಪಕ್ಕಕ್ಕೆ ಸರಿಸಿ, ಸುತ್ತಲೂ ಒತ್ತೊತ್ತಾಗಿ ದಾರ ಸುತ್ತಿ ಹೊಲಿಯಿರಿ. ಎಳೆ ತುಂಡಾಗದಿದ್ದರೆ ತೂತು ಎಷ್ಟು ಜಗ್ಗಿದರೂ ಹರಿಯುವುದಿಲ್ಲ.

ಆ ಕಾಲದಲ್ಲಿ ಸ್ಟೇಸ್ ಮಾಡುತ್ತಿದ್ದವರು ಹೆಚ್ಚಾಗಿ ಗಂಡಸರು. ಗೌನ್ ಹೊಲಿಯುತ್ತಿದ್ದವರು ಹೆಂಗಸರು. ಪ್ಯಾರಿಸ್‌ನಲ್ಲಿ ಹೆಂಗಸರ ಉಡುಪು ಹೊಲಿಯುವ ಹೆಂಗಸರಿಗೆ ತಮ್ಮದೇ ಸಂಘ ಕಟ್ಟಿಕೊಳ್ಳಲು 14ನೇ ಲೂಯಿ ಅಪ್ಪಣೆ ಕೊಟ್ಟದ್ದು 1675ರಲ್ಲಿ. ಸ್ಟೇಸ್ ಕೆಲಸ ಮಾತ್ರ ದರ್ಜಿಗಳ ಕೈಯಲ್ಲೇ ಉಳಿಯಿತು.

ಸ್ಟೇಸ್‌ಗೆ ತುಂಬುವ ತಿಮಿಂಗಿಲದ ಮೂಳೆ ಎಲ್ಲಿಂದ ತರೋದು?

ತರುವ ಹಾಗೂ ಇಲ್ಲ, ತರಬಾರದು ಕೂಡ. ಅದು ಮೂಳೆಯೂ ಅಲ್ಲ, ತಿಮಿಂಗಿಲದ ಬಾಯೊಳಗೆ ಆಹಾರ ಸೋಸುವ ಬಲೀನ್ ಪಟ್ಟಿ. ನಮ್ಮ ಉಗುರಿನ ಜಾತಿಯದು. ಮೈಶಾಖಕ್ಕೆ ಬಾಗಿ ಆಕಾರಕ್ಕೆ ಒಗ್ಗುತ್ತಿತ್ತು. ಈಗ ಅದಕ್ಕೆ ಬದಲಾಗಿ ಜರ್ಮನಿಯಲ್ಲಿ ತಯಾರಾಗುವ ಪ್ಲಾಸ್ಟಿಕ್ ಪಟ್ಟಿ ಸಿಗುತ್ತದೆ, ಅದು ಚೆನ್ನಾಗಿದೆ. ಸಿಗದಿದ್ದರೆ ಎಲೆಕ್ಟ್ರಿಕಲ್ ಅಂಗಡಿಯ ದಪ್ಪ ಕೇಬಲ್ ಟೈ ತನ್ನಿ. ತಲೆ ಕತ್ತರಿಸಿ, ತುದಿಯನ್ನು ಉಜ್ಜಿ ದುಂಡಗೆ ಮಾಡಿ ತೂರಿಸಿ. ಹಾಸ್ಯ ಮಾಡುತ್ತಿಲ್ಲ, ಪ್ರಪಂಚದ ಎಲ್ಲಾ ಕಡೆ ಹೀಗೇ ಮಾಡುತ್ತಾರೆ. ಬಡವರ ಸ್ಟೇಸ್‌ನಲ್ಲಿ ಒಣ ಜೊಂಡಿನ ಕಡ್ಡಿಗಳನ್ನೂ ತುಂಬುತ್ತಿದ್ದರು. ಬ್ಲೌಸಿಗೆ ಹಾಕುವ ತೆಳು ಬೋನಿಂಗ್ ಮಾತ್ರ ಬೇಡ, ಒಂದೇ ದಿನಕ್ಕೆ ಸೊಟ್ಟಗಾಗುತ್ತದೆ.

ರೇಷ್ಮೆ ನಮ್ಮೂರಲ್ಲೇ ಸಿಗುತ್ತಲ್ಲ. ಯಾವುದನ್ನು ಕೊಳ್ಳಲಿ?

ಎಲ್ಲರೂ ಎಡವುವ ಜಾಗ ಇದು. ಬೆಂಗಳೂರಿನ ಅಂಗಡಿಗೆ ಹೋಗಿ "ಗೌನಿಗೆ ರೇಷ್ಮೆ ಕೊಡಿ" ಅಂದರೆ ಮೊದಲು ತೆಗೆದು ಹಾಸುವುದು ಡುಪಿಯಾನ್. ಹೊಳಪಿದೆ, ಗರಿಗರಿಯಾಗಿದೆ, ಬೆಲೆಯೂ ಪರವಾಗಿಲ್ಲ. ಆದರೆ ಬಟ್ಟೆಯ ತುಂಬ ಗಂಟುಗಂಟಾದ ದಪ್ಪ ಎಳೆ. ಎರಡು ಹುಳು ಸೇರಿ ಒಂದೇ ಗೂಡು ಕಟ್ಟಿದಾಗ ಅದರ ನೂಲು ಹೀಗೆ ಬರುತ್ತದೆ. ರಾಮನಗರದ ಗೂಡಿನ ಮಾರುಕಟ್ಟೆ ನೋಡಿದವರಿಗೆ ಜೋಡಿಗೂಡು ಗೊತ್ತಿರುತ್ತದೆ. ಈಗ ನಾವು ಆ ಗಂಟನ್ನೇ ಸೊಗಸು ಅನ್ನುತ್ತೇವೆ. 18ನೇ ಶತಮಾನದ ಕಣ್ಣಿಗೆ ಅದು ದೋಷ. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಮತ್ತು ಫ್ರಾನ್ಸಿನ ಲಿಯೋನ್‌ನ ಮಗ್ಗಗಳು ನೇಯ್ದ ಗೌನ್ ರೇಷ್ಮೆ ನಯವಾಗಿತ್ತು.

ಹಾಗಾದರೆ ಮೈಸೂರು ಸಿಲ್ಕ್? ಅದು ಕ್ರೇಪ್. ಮೈಮೇಲಿಂದ ಹರಿದು ಇಳಿಯುವುದೇ ಅದರ ಗುಣ. ಗೌನಿಗೆ ಬೇಕಾದದ್ದು ಮಡಿಸಿದ ಕಡೆ ಮಡಿಕೆಯಾಗಿ ನಿಲ್ಲುವ ಬಟ್ಟೆ. ಆದ್ದರಿಂದ "ಟಫೇಟಾ" ಎಂದೇ ಕೇಳಿ, ಗಂಟಿಲ್ಲದ್ದು, ಒಂದೇ ಬಣ್ಣದ್ದು ಅಥವಾ ಪಟ್ಟೆಯದ್ದು. ಎರಡು ಬಣ್ಣದ ಎಳೆಯಿಂದ ಮಿನುಗುವ ಬಟ್ಟೆಯೂ ಆಗ ಬಳಕೆಯಲ್ಲಿತ್ತು. ಪಾಲಿಯೆಸ್ಟರ್ ಸ್ಯಾಟಿನ್ ಬೇಡ. ನೆರಿಗೆ ನಿಲ್ಲುವುದಿಲ್ಲ, ಒಳಗೆ ಬೆವರು ಆರುವುದಿಲ್ಲ, ಫೋಟೋದಲ್ಲಿ ಪರದೆ ಬಟ್ಟೆಯಂತೆ ಕಾಣುತ್ತದೆ. ಅನುಮಾನ ಇದ್ದರೆ ಎರಡು ಎಳೆ ಕಿತ್ತು ಸುಟ್ಟು ನೋಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ.

ರೇಷ್ಮೆಗೆ ದುಡ್ಡಿಲ್ಲದಿದ್ದರೆ ಲಿನನ್ ಅಥವಾ ತೆಳು ಉಣ್ಣೆ ಬಟ್ಟೆ. ಸುಳ್ಳು ರೇಷ್ಮೆಗಿಂತ ನಿಜವಾದ ಲಿನನ್ ಎಷ್ಟೋ ಮೇಲು.

ಕಲಂಕಾರಿಯಲ್ಲಿ ಗೌನ್ ಹೊಲಿದರೆ ಸರಿಯಾಗುತ್ತಾ?

ಸರಿಯಾಗುತ್ತದೆ, ಆದರೆ ಯಾವ ಕಲಂಕಾರಿ ಅನ್ನುವುದರ ಮೇಲಿದೆ.

ಕೋರಮಂಡಲ ಕರಾವಳಿಯಲ್ಲಿ, ಮಚಲಿಪಟ್ಟಣದ ಸುತ್ತಮುತ್ತ ಕೈಯಲ್ಲಿ ಬರೆದ ಹತ್ತಿ ಬಟ್ಟೆ ಹಡಗು ಹತ್ತಿ ಯುರೋಪಿಗೆ ಹೋಗುತ್ತಿತ್ತು. ಅದೇ ಚಿಂಟ್ಸ್. ಕೆಂಪಿಗೆ ಪಟಿಕ ಹಚ್ಚಿ ಬೇರಿನ ಬಣ್ಣದಲ್ಲಿ ಕುದಿಸುವುದು, ಕಪ್ಪಿಗೆ ಕಬ್ಬಿಣದ ನೀರು, ನೀಲಿ ಬೇಡದ ಕಡೆಯೆಲ್ಲ ಮೇಣ ಬಳಿದು ನೀಲಿಯಲ್ಲಿ ಅದ್ದುವುದು. ಒಗೆದರೂ ಬಣ್ಣ ಹೋಗದ ಬಟ್ಟೆ ಅವರಿಗೆ ಹೊಸದು. ಎಲ್ಲರೂ ಮುಗಿಬಿದ್ದರು. ಅಲ್ಲಿನ ರೇಷ್ಮೆ, ಉಣ್ಣೆ ನೇಕಾರರಿಗೆ ಹೊಟ್ಟೆಗೆ ಹೊಡೆತ ಬಿತ್ತು. ಫ್ರಾನ್ಸ್ 1686ರಲ್ಲಿ ಇದನ್ನು ನಿಷೇಧಿಸಿತು, ತೆರವು ಮಾಡಿದ್ದು 1759ರಲ್ಲಿ. ಇಂಗ್ಲೆಂಡಿನಲ್ಲಿ 1719ರಲ್ಲಿ ನೇಕಾರರು ಬೀದಿಗಿಳಿದು, ಇಂಥ ಬಟ್ಟೆ ಹಾಕಿದ ಹೆಂಗಸರ ಮೈಮೇಲಿನ ಗೌನ್ ಹರಿದರು. 1721ರ ಕಾಯ್ದೆ ಛಾಪು ಹಾಕಿದ ಹತ್ತಿ ಬಟ್ಟೆ ತೊಡುವುದನ್ನೇ ಬಹುಪಾಲು ತಡೆಯಿತು. ಅದು ರದ್ದಾದದ್ದು 1774ರಲ್ಲಿ. ಹಾಲೆಂಡಿನಲ್ಲಿ ಈ ಗೋಳು ಇರಲಿಲ್ಲ. ಅಲ್ಲಿ ಚಿಂಟ್ಸ್ ಊರ ಹೆಂಗಸರ ಉಡುಪಿಗೂ ಬಂತು.

ಹೀಗಾಗಿ 1750ರ ಲಂಡನ್ನಿನ ಹೆಂಗಸಿನ ಹತ್ತಿ ಚಿಂಟ್ಸ್ ಗೌನ್ ಹೊಲಿದರೆ, ಲೆಕ್ಕಕ್ಕೆ ಅದು ಕಾನೂನು ಮುರಿದ ಗೌನ್. ಹಾಕುವವರು ಹಾಕುತ್ತಿದ್ದರು, ಆ ಮಾತು ಬೇರೆ. 1775ರ ಗೌನ್ ಆದರೆ, ಬ್ರಿಟನ್ನಿನಲ್ಲೇ ನೇಯ್ದ ಛಾಪಿನ ಹತ್ತಿಗೆ ಯಾವ ತಂಟೆಯೂ ಇಲ್ಲ.

ಈಗ ಮಚಲಿಪಟ್ಟಣ, ಪೆಡನದ ಕಡೆಯಿಂದ ಬರುವುದು ಮರದ ಅಚ್ಚಿನ ಕಲಂಕಾರಿ. ಅದರಲ್ಲಿ ಬಿಳಿ ಅಥವಾ ಕೆನೆ ಬಣ್ಣದ ನೆಲ, ಹಾವಿನಂತೆ ಹರಿಯುವ ತೆಳು ಬಳ್ಳಿ, ಅಲ್ಲಲ್ಲಿ ದೊಡ್ಡ ಹೂವು ಇರುವುದನ್ನು ಆರಿಸಿ. ನೆಲವೇ ಕಾಣದಷ್ಟು ಒತ್ತಾದ ಅಚ್ಚು, ಬುದ್ಧನ ಮುಖ, ಆನೆಯ ಸಾಲು, ಶ್ರೀಕಾಳಹಸ್ತಿಯ ರಾಮಾಯಣದ ಚಿತ್ರ, ಇವೆಲ್ಲ ಸೀರೆಗೆ ಚೆಂದ, ಇದಕ್ಕೆ ಬೇಡ.

ಎಷ್ಟು ಬಟ್ಟೆ ಬೇಕು?

44 ಇಂಚು ಪನ್ನದ ಬಟ್ಟೆಯಾದರೆ ಇಂಗ್ಲಿಷ್ ಗೌನಿಗೆ 5 ಮೀಟರ್, ಲಂಗಕ್ಕೆ ಇನ್ನೊಂದು 3 ಮೀಟರ್ ಇಟ್ಟುಕೊಳ್ಳಿ. ಫ್ರೆಂಚ್ ಗೌನಿಗೆ ಜಾಸ್ತಿ ಬೇಕು. ಬೆನ್ನಿನ ನೆರಿಗೆ ಬಟ್ಟೆ ನುಂಗುತ್ತದೆ. ಆಗಿನ ರೇಷ್ಮೆಯ ಅಗಲ ಸುಮಾರು 20 ಇಂಚು ಅಷ್ಟೇ. ಅದಕ್ಕೇ ಹಳೇ ಗೌನಿನ ಲಂಗದಲ್ಲಿ ಅಷ್ಟೊಂದು ಉದ್ದುದ್ದ ಜೋಡಣೆ ಕಾಣುತ್ತದೆ. ನಿಮ್ಮ ಬಟ್ಟೆ ಅಗಲವಾಗಿದ್ದರೆ ಉದ್ದಕ್ಕೆ ಸೀಳಿ ಮತ್ತೆ ಜೋಡಿಸಿದರೆ ನೋಟ ಸರಿಬರುತ್ತದೆ. ಸುಮ್ನೆ ಕೆಲಸ ಹೆಚ್ಚಿಸಿಕೊಳ್ಳುವುದು ಅನ್ನಿಸಿದರೆ ಬಿಡಿ.

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಬಾರ್ಬರಾ ಜಾನ್ಸನ್ ಎಂಬಾಕೆಯ ಆಲ್ಬಂ ಇದೆ. ಒಬ್ಬ ಪಾದ್ರಿಯ ಮಗಳು ಈಕೆ. 1746ರಿಂದ 1823ರವರೆಗೆ ಹೊಲಿಸಿದ ಉಡುಪುಗಳ ಬಟ್ಟೆ ತುಣುಕು ಅಂಟಿಸಿ, ಪಕ್ಕದಲ್ಲಿ ಯಾವ ಉಡುಪು, ಎಷ್ಟು ಗಜ, ಗಜಕ್ಕೆ ಎಷ್ಟು ಬೆಲೆ ಅಂತ ಬರೆದಿಟ್ಟಿದ್ದಾಳೆ. ಬಟ್ಟೆ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಪೇಪರ್ ಪ್ಯಾಟರ್ನ್ ಎಲ್ಲಿ ಸಿಗುತ್ತೆ?

ಆನ್‌ಲೈನ್‌ನಲ್ಲಿ ಸಿಗುತ್ತದೆ. ತಪ್ಪೇನೂ ಇಲ್ಲ. ಆದರೆ ಆಗಿನ ಗೌನ್‌ಗಾರ್ತಿಯರು ಕಾಗದ ಇಟ್ಟು ಕತ್ತರಿಸುತ್ತಿರಲಿಲ್ಲ, ಮೈಮೇಲೇ ಬಟ್ಟೆ ಹಿಡಿದು ಕತ್ತರಿಸುತ್ತಿದ್ದರು. ಒಮ್ಮೆ ಹಾಗೆ ಮಾಡಿ ನೋಡಿ. ಸಹಾಯಕ್ಕೆ ಒಬ್ಬರು ಬೇಕು, ಅಕ್ಕನೋ ಗೆಳತಿಯೋ.

ಶಿಫ್ಟ್, ಸ್ಟೇಸ್, ಲಂಗ ಎಲ್ಲಾ ಹಾಕಿಕೊಂಡು ನೆಟ್ಟಗೆ ನಿಲ್ಲಿ. ಮೊದಲು ಲೈನಿಂಗ್. ಬೆನ್ನಿನ ನಡುಗೆರೆಗೆ ಲಿನನ್ ತುಂಡಿನ ನೇರ ಅಂಚು ಹೊಂದಿಸಿ ಗುಂಡುಸೂಜಿ ಚುಚ್ಚಿ. ಸೂಜಿ ಸ್ಟೇಸ್‌ಗೆ ಕಚ್ಚಿಕೊಳ್ಳುತ್ತದೆ, ಮೈಗೆ ತಾಗುವುದಿಲ್ಲ. ಅಂಗೈಯಿಂದ ಬಟ್ಟೆಯನ್ನು ಪಕ್ಕೆಯ ಕಡೆಗೆ ಸವರಿ. ಎಲ್ಲಿ ಸುಕ್ಕು ನಿಂತಿತೋ ಅಲ್ಲಿ ಹೆಚ್ಚಿನ ಬಟ್ಟೆ ಇದೆ ಎಂದರ್ಥ. ಅದನ್ನು ಪಕ್ಕದ ಹೊಲಿಗೆಗೆ ತಳ್ಳಿ. ಕಂಕುಳ ಹತ್ತಿರ ಕತ್ತರಿಯಲ್ಲಿ ಸ್ವಲ್ಪ ಸ್ವಲ್ಪವೇ ಚುಟುಕಿ ಬಿಡಿಸಿ. ಒಂದೇ ಸಲ ದೊಡ್ಡದಾಗಿ ಕತ್ತರಿಸಿದರೆ ಮುಗಿಯಿತು. ಮುಂಭಾಗವೂ ಹೀಗೇ. ಲೈನಿಂಗ್ ಸರಿಯಾದ ಮೇಲೆ ಅದರ ಮೇಲೇ ರೇಷ್ಮೆಯನ್ನು ಹಾಸಿ ಹೊಲಿಯುವುದು.

ತೋಳು ಕೂರಿಸುವುದು ನಮ್ಮ ಬ್ಲೌಸಿನ ಕ್ರಮಕ್ಕಿಂತ ಬೇರೆ. ತೋಳಿನ ಕೆಳಗಿನ ಅರ್ಧವನ್ನು ಮಾತ್ರ ಕಂಕುಳ ಸುತ್ತ ಬ್ಯಾಕ್ ಸ್ಟಿಚ್‌ನಲ್ಲಿ ಸೇರಿಸಿ. ಮತ್ತೆ ಮೈಮೇಲೆ ಹಾಕಿ, ಕೈಯನ್ನು ಸ್ವಲ್ಪ ಮುಂದೆ ಚಾಚಿ. ಮೇಲಿನ ಅರ್ಧದ ಹೆಚ್ಚಿನ ಬಟ್ಟೆಯನ್ನು ಭುಜದ ಮೇಲೆ ಪುಟ್ಟ ಪುಟ್ಟ ನೆರಿಗೆಯಾಗಿ ಮಡಚಿ ಲೈನಿಂಗ್‌ಗೆ ಸೂಜಿ ಹಾಕಿ ಹೊಲಿಯಿರಿ. ಆ ಹಸಿ ಅಂಚಿನ ಮೇಲೆ ಭುಜದ ಪಟ್ಟಿ ಬಂದು ಮುಚ್ಚುತ್ತದೆ. ತೋಳಿನ ಸುತ್ತು ಬಿಗಿಯಾಗಿ ಕಂಕುಳಿಗೆ ಹತ್ತಿರವಿದ್ದಷ್ಟೂ ಕೈ ಸಲೀಸಾಗಿ ಏಳುತ್ತದೆ. ಕೇಳಲು ಉಲ್ಟಾ ಅನ್ನಿಸಬಹುದು, ಹೊಲಿದು ನೋಡಿದರೆ ಗೊತ್ತಾಗುತ್ತದೆ.

ಮೆಷಿನ್ನಲ್ಲಿ ಹೊಲಿಯಬಹುದಾ?

ಹೊಲಿಯಬಹುದು, ಯಾರೂ ಪೊಲೀಸರನ್ನು ಕರೆಯುವುದಿಲ್ಲ. ಐಸಾಕ್ ಸಿಂಗರ್ ಪೇಟೆಂಟ್ ತೆಗೆದುಕೊಂಡದ್ದು 1851ರಲ್ಲಿ. ಆದ್ದರಿಂದ ನಿಖರವೇ ಬೇಕೆಂದರೆ ಪೂರ್ತಿ ಕೈಹೊಲಿಗೆ. ರಾಜಿ ಬೇಕೆಂದರೆ ಸ್ಟೇಸ್‌ನ ಒಳಗಿನ ಕಾಲುವೆಗಳು, ಒಳಲಂಗದ ಉದ್ದ ಜೋಡಣೆಗಳನ್ನು ಮೆಷಿನ್‌ಗೆ ಕೊಡಿ. ಹೊರಗೆ ಕಾಣುವ ಹೊಲಿಗೆಯೆಲ್ಲ ಕೈಯಲ್ಲಿರಲಿ.

ಕೈಹೊಲಿಗೆ ಅಂದರೆ ತಿಂಗಳುಗಟ್ಟಲೆ ಅನ್ನುವ ಭಯ ಬೇಡ. ಲಂಗದ ಜೋಡಣೆ ಬರೀ ರನ್ನಿಂಗ್ ಸ್ಟಿಚ್. ಹಳೇ ಗೌನ್‌ಗಳ ಒಳಗು ನೋಡಿದರೆ ಆಶ್ಚರ್ಯವಾಗುತ್ತದೆ: ಎಷ್ಟೋ ಕಡೆ ಉದ್ದುದ್ದ ಹೊಲಿಗೆ, ಅಂಚು ಹಾಗೇ ಹಸಿ ಬಿಟ್ಟದ್ದು, ಲೈನಿಂಗ್‌ಗೆ ಸಿಕ್ಕಿದ ತುಂಡು ಸೇರಿಸಿದ್ದು. ಬಟ್ಟೆ ದುಬಾರಿ ಅಂದೆನಲ್ಲ. ನಾಳೆ ಬಿಚ್ಚಿ ಬೇರೆ ಥರ ಹೊಲಿಸಬೇಕು, ಆದ್ದರಿಂದ ಬಿಚ್ಚಲು ಸುಲಭವಾಗುವ ಹಾಗೇ ಹೊಲಿದರು. ಅಮ್ಮನ ರೇಷ್ಮೆ ಸೀರೆ ಮಗಳ ಲಂಗವಾಗುವ ಹಾಗೆ, ಅಲ್ಲಿ 1750ರ ಫ್ರೆಂಚ್ ಗೌನ್ 1780ರಲ್ಲಿ ಇಂಗ್ಲಿಷ್ ಗೌನ್ ಆಗುತ್ತಿತ್ತು. ಮ್ಯೂಸಿಯಂನ ಎಷ್ಟೋ ಗೌನ್‌ಗಳಲ್ಲಿ ಹಳೇ ನೆರಿಗೆಯ ಗುರುತು, ಹಳೇ ಸೂಜಿ ತೂತಿನ ಸಾಲು ಇನ್ನೂ ಕಾಣುತ್ತದೆ.

ಯಾವ ಯಾವ ಹೊಲಿಗೆ ಕಲಿಯಬೇಕು?

ರನ್ನಿಂಗ್, ಬ್ಯಾಕ್ ಸ್ಟಿಚ್, ಹೆಮ್ಮಿಂಗ್, ಅಂಚು ಸುತ್ತುವುದು. ನಿಮಗೆ ಬರುವುದೇ. ಹೊಸದು ಅಂದರೆ ಎರಡು. ಒಂದು, ಎರಡು ತುಂಡಿನ ಅಂಚನ್ನು ಸ್ವಲ್ಪ ಹಿಂದೆಮುಂದೆ ಇಟ್ಟು, ಉದ್ದವಿರುವುದನ್ನು ಗಿಡ್ಡದರ ಮೇಲೆ ಮಡಚಿ, ಮತ್ತೊಮ್ಮೆ ಮಡಚಿ ಎಲ್ಲಾ ಪದರ ಸೇರಿಸಿ ಹೆಮ್ ಮಾಡುವುದು. ಜೋಡಣೆಯೂ ಆಯಿತು, ಅಂಚೂ ಮುಚ್ಚಿತು. ಇನ್ನೊಂದು ಮೇಲುಡುಪಿಗೆ: ಮೇಲ್ಬಟ್ಟೆ, ಲೈನಿಂಗ್ ಎರಡರ ಅಂಚನ್ನೂ ಒಳಕ್ಕೆ ಮಡಚಿಟ್ಟು, ಒಂದು ತುಂಡನ್ನು ಇನ್ನೊಂದರ ಮೇಲೆ ಏರಿಸಿ, ಹೊರಗಿನಿಂದ ಬಿಡಿಬಿಡಿ ಬ್ಯಾಕ್ ಸ್ಟಿಚ್ ಹಾಕುವುದು. ಹೊರಗೆ ಚುಕ್ಕಿ ಚುಕ್ಕಿ ಕಾಣುತ್ತದೆ. ಕಾಣಲಿ, ಆಗಲೂ ಕಾಣುತ್ತಿತ್ತು.

ರೇಷ್ಮೆಗೆ ರೇಷ್ಮೆ ದಾರ, ಲಿನನ್‌ಗೆ ಲಿನನ್ ದಾರ. ಲಿನನ್ ದಾರವನ್ನು ಜೇನುಮೇಣದ ಮೇಲೆ ಎಳೆದುಕೊಂಡರೆ ಗಂಟು ಬೀಳುವುದಿಲ್ಲ. ಬಳೆ, ಜುಮುಕಿ ಮಾಡಲು ಮಾರುವ "ಸಿಲ್ಕ್ ದಾರ" ಹೆಚ್ಚಾಗಿ ರೇಷ್ಮೆಯಾಗಿರುವುದಿಲ್ಲ. ಸುಟ್ಟು ನೋಡಿ.

ಗುಂಡಿ, ಹುಕ್ಕು, ಜಿಪ್ಪು ಏನೂ ಇಲ್ಲದೆ ಗೌನ್ ನಿಲ್ಲೋದು ಹೇಗೆ?

ಗುಂಡುಸೂಜಿಯಲ್ಲಿ. ನಿಜವಾಗಿಯೂ. ಗೌನಿನ ಮುಂದೆ ತೆರೆದಿದ್ದರೆ ನಡುವೆ ಸ್ಟಮಕರ್ ಎಂಬ ತ್ರಿಕೋನದ ತುಂಡು ಬರುತ್ತದೆ. ಅದನ್ನು ಸ್ಟೇಸ್‌ಗೆ ಪಿನ್ ಮಾಡಿ, ಅದರ ಮೇಲೆ ಗೌನಿನ ಎರಡು ಅಂಚನ್ನು ಪಿನ್ ಮಾಡುತ್ತಾರೆ. 1770ರ ನಂತರದ ಗೌನ್‌ಗಳಲ್ಲಿ ಎರಡು ಅಂಚು ನಡುವಲ್ಲೇ ಕೂಡುತ್ತವೆ. ಅಲ್ಲೂ ಪಿನ್, ಕೆಲವದಕ್ಕೆ ಹುಕ್ಕು ಅಥವಾ ಒಳಗೆ ಲೇಸ್. ಹಿತ್ತಾಳೆ ಪಿನ್ ಸಿಕ್ಕರೆ ಒಳ್ಳೆಯದು. ಮೊನೆಯನ್ನು ಸ್ಟೇಸ್‌ನ ಪದರದೊಳಗೆ ಹೂತುಬಿಡಿ. ಸೇಫ್ಟಿ ಪಿನ್ ಬಂದದ್ದು 1849ರಲ್ಲಿ. ಕದ್ದು ಒಂದು ಹಾಕಿಕೊಂಡರೆ ನಾನು ನೋಡಿಲ್ಲ.

ಜೇಬು ಎಲ್ಲಿ?

ಲಂಗದ ಒಳಗೆ. ಸೋರೆಕಾಯಿ ಆಕಾರದ ಎರಡು ಚೀಲ, ಒಂದು ಲಾಡಿಗೆ ಸೇರಿಸಿ ಸೊಂಟಕ್ಕೆ ಕಟ್ಟಿಕೊಳ್ಳುವುದು. ಗೌನಿನ ಪಕ್ಕ, ಲಂಗದ ಪಕ್ಕ ಎರಡರಲ್ಲೂ ಸೀಳು ಬಿಡಿ, ಕೈ ನೇರ ಒಳಗೆ ಹೋಗುತ್ತದೆ. ಮೊಬೈಲ್, ಪರ್ಸ್, ನೀರಿನ ಸಣ್ಣ ಬಾಟಲಿ ಎಲ್ಲಾ ಹಿಡಿಸುತ್ತದೆ. ಇವತ್ತಿನ ಚೂಡಿದಾರಕ್ಕೂ ಇಂಥ ಜೇಬು ಕೊಟ್ಟಿದ್ದರೆ ಎಷ್ಟು ಚೆನ್ನಾಗಿತ್ತು.

ಒಳಗೆ ಚಡ್ಡಿ?

ಇಂಗ್ಲೆಂಡಿನಲ್ಲಿ ಹೆಂಗಸರು ಸಾಮಾನ್ಯವಾಗಿ ಹಾಕುತ್ತಿರಲಿಲ್ಲ. ನೀವು ಹಾಕಿಕೊಳ್ಳಿ, ಯಾರಿಗೂ ಗೊತ್ತಾಗುವುದಿಲ್ಲ.

ಯಾವ ಬಣ್ಣ ತಪ್ಪು? ಮಂಕು ಬಣ್ಣವೇ ಆಗಬೇಕಾ?

ಮಂಕು ಕಾಣುವುದು ಇನ್ನೂರೈವತ್ತು ವರ್ಷದ ಬೆಳಕು ತಿಂದದ್ದರಿಂದ. ಹೊಲಿಗೆಯ ಒಳಮಡಿಕೆಯಲ್ಲಿ ಆ ಬಟ್ಟೆಗಳು ಇನ್ನೂ ಉಜ್ವಲವಾಗಿವೆ. ನೀಲಿ ಗಿಡದ ನೀಲಿ, ಕೊಚಿನೀಲ್ ಹುಳುವಿನ ಕೆಂಪು, ವೆಲ್ಡ್ ಗಿಡದ ನಿಂಬೆ ಹಳದಿ, ಎಲ್ಲಾ ಕಣ್ಣು ಕುಕ್ಕುವಂಥವೇ. 1856ರಲ್ಲಿ ಪರ್ಕಿನ್ ಕಂಡುಹಿಡಿದ ಮಾವ್‌ನಿಂದ ಶುರುವಾದ ರಾಸಾಯನಿಕ ಬಣ್ಣಗಳ ಛಾಯೆ ಮಾತ್ರ ಬೇಡ. ರಾಣಿ ಪಿಂಕ್, ರೇಡಿಯಂ ಹಸಿರು ಬದಿಗಿಡಿ.

ಲೇಸು, ಕುಚ್ಚು, ಗೊಂಡೆ ಎಷ್ಟು ಹಾಕಲಿ?

ಅಂಗಡಿಯ ನೈಲಾನ್ ಲೇಸು ಹಾಕಿದರೆ ಅಷ್ಟು ದುಡಿದದ್ದೂ ದಂಡ. ಗೌನಿನದೇ ಬಟ್ಟೆಯ ಪಟ್ಟಿಗಳನ್ನು ನೆರಿಗೆ ಮಾಡಿ ಮುಂದಿನ ಅಂಚಿಗೂ ಲಂಗಕ್ಕೂ ಹಾವಿನಂತೆ ಹಚ್ಚಿ. ಆಗ ಇದೇ ಹೆಚ್ಚು. ಪಟ್ಟಿಯ ಅಂಚನ್ನು ಮಡಚುವ ಹಾಗಿಲ್ಲ, ಕಬ್ಬಿಣದ ಅಚ್ಚಿನಿಂದ ಹೊಡೆದು ಅಲೆಅಲೆಯಾಗಿ ಕತ್ತರಿಸುತ್ತಿದ್ದರು. ಅಚ್ಚು ಇಲ್ಲದಿದ್ದರೆ ಹಲ್ಲಿನ ಕತ್ತರಿ ಸಾಕು. ಒತ್ತು ನೇಯ್ಗೆಯ ಟಫೇಟಾ ಹಾಗೇ ನಿಲ್ಲುತ್ತದೆ, ಸಡಿಲ ಬಟ್ಟೆ ಎಳೆಎಳೆಯಾಗುತ್ತದೆ. ಮೊಣಕೈ ಹತ್ತಿರದ ಬಿಳಿ ಝಾಲರುಗಳನ್ನು ಗೌನಿಗೆ ಗಟ್ಟಿಯಾಗಿ ಹೊಲಿಯಬೇಡಿ. ನಾಲ್ಕು ಟಾಕಿ ಹಾಕಿ ಬಿಡಿ, ಒಗೆಯಲು ಬಿಚ್ಚಬೇಕು.

ಮಂಗಳೂರಿನ ಸೆಕೆಯಲ್ಲಿ ಇದನ್ನೆಲ್ಲ ಹಾಕೋದು ಸಾಧ್ಯವಾ?

ಶೆಮೀಸ್ ಗೌನ್ ಹೊಲಿಯಿರಿ. ತೆಳು ಬಿಳಿ ಮಲ್‌ಮಲ್, ಕತ್ತಿಗೂ ಸೊಂಟಕ್ಕೂ ದಾರ ಎಳೆದು ಕಟ್ಟುವುದು, ನಡುವಿಗೆ ಒಂದು ಬಣ್ಣದ ಪಟ್ಟಿ. ಹೊಲಿಯಲೂ ಸುಲಭ. 1783ರಲ್ಲಿ ವಿಜೆ ಲೆ ಬ್ರನ್ ಎಂಬ ಚಿತ್ರಗಾರ್ತಿ ರಾಣಿ ಮಾರಿ ಆಂಟೊಯ್ನೆಟ್‌ಳನ್ನು ಇಂಥ ಗೌನ್‌ನಲ್ಲಿ ಬರೆದು ಪ್ರದರ್ಶನಕ್ಕಿಟ್ಟಾಗ ಪ್ಯಾರಿಸ್ ಗದ್ದಲವೆಬ್ಬಿಸಿತು. ರಾಣಿ ಒಳಉಡುಪಿನಲ್ಲಿ ಕೂತಿದ್ದಾಳೆ ಅಂತ. ಚಿತ್ರ ತೆಗೆದು, ರೇಷ್ಮೆ ಗೌನಿನ ಬೇರೆ ಚಿತ್ರ ಇಡಬೇಕಾಯಿತು. ಐದು ವರ್ಷದ ನಂತರ ಅದೇ ಚಿತ್ರಗಾರ್ತಿಯ ಮುಂದೆ ನಮ್ಮ ಕಡೆಯವರೇ ಕೂತರು. ಟಿಪ್ಪು 16ನೇ ಲೂಯಿಯ ಬಳಿಗೆ ಕಳಿಸಿದ ರಾಯಭಾರಿ ಮಹಮ್ಮದ್ ದರ್ವೇಶ್ ಖಾನ್‌ನ ಚಿತ್ರ ಅದು, ಚಿನ್ನದ ಹೂವಿನ ಬಿಳಿ ನಿಲುವಂಗಿಯಲ್ಲಿ. ರಾಣಿಗೆ ಸಲ್ಲದ ಬಿಳಿ ಬಟ್ಟೆ ಇವರಿಗೆ ಸಂದಿತು ನೋಡಿ.

ಬಡವರ ಉಡುಪು ಹೊಲಿಯಬೇಕು, ಎಲ್ಲಿ ನೋಡಲಿ?

ಬಡವರ ಬಟ್ಟೆ ಹಾಕಿ ಹಾಕಿ ಹರಿದುಹೋಯಿತು, ಮ್ಯೂಸಿಯಂಗೆ ಬರಲಿಲ್ಲ. ಉಳಿದದ್ದು ಒಂದು ನೋವಿನ ದಾರಿಯಲ್ಲಿ. ಲಂಡನ್ನಿನ ಫೌಂಡ್ಲಿಂಗ್ ಆಸ್ಪತ್ರೆ ಎಂಬ ಅನಾಥಾಲಯದಲ್ಲಿ 1741ರಿಂದ ತಾಯಂದಿರು ಸಾಕಲಾಗದ ಮಕ್ಕಳನ್ನು ಬಿಟ್ಟುಹೋಗುತ್ತಿದ್ದರು. ಮುಂದೆಂದಾದರೂ ಗುರುತು ಹಿಡಿಯಲಿ ಎಂದು ಮಗುವಿನ ದಾಖಲೆ ಕಾಗದಕ್ಕೆ ಒಂದು ಬಟ್ಟೆ ಚೂರು ಪಿನ್ ಮಾಡಿಡುತ್ತಿದ್ದರು. ಅಂಥ ಸಾವಿರ ಸಾವಿರ ಚೂರುಗಳಿವೆ: ಛಾಪಿನ ಲಿನನ್, ಪಟ್ಟೆ ಬಟ್ಟೆ, ಉಣ್ಣೆ, ರಿಬ್ಬನ್ನು. ಆಗಿನ ಸಾಮಾನ್ಯ ಹೆಂಗಸು ಏನು ಉಡುತ್ತಿದ್ದಳು ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಅವಳಿಗೆ ಗಿಡ್ಡ ಜಾಕೆಟ್, ಲಂಗ, ಮುಂದೆ ಏಪ್ರನ್, ಕತ್ತಿಗೆ ಒಂದು ವಸ್ತ್ರ. ಹೊಲಿಯಲೂ ಬಟ್ಟೆ ಕಡಿಮೆ ಸಾಕು.

ಹಳೇ ಚಿತ್ರ ನೋಡಿ ನಕಲು ಮಾಡಬಹುದಾ?

ಮಾಡಬಹುದು, ಎಚ್ಚರದಿಂದ. ದೊಡ್ಡವರ ಚಿತ್ರ ಬರೆಯುವಾಗ ಎಷ್ಟೋ ಸಲ ನೂರು ವರ್ಷ ಹಿಂದಿನ ವೇಷ ಹಾಕಿಸಿ ಕೂರಿಸುತ್ತಿದ್ದರು. ಉಳಿದಿರುವ ಉಡುಪಿನ ಒಳಹೊರಗಿನ ಫೋಟೋಗಳೇ ಮೇಲು. ಅಮೆರಿಕದ ವರ್ಜೀನಿಯಾದಲ್ಲಿ 18ನೇ ಶತಮಾನದ ಊರನ್ನೇ ಮ್ಯೂಸಿಯಂ ಮಾಡಿಟ್ಟಿರುವ ಕಲೋನಿಯಲ್ ವಿಲಿಯಮ್ಸ್‌ಬರ್ಗ್‌ಗೆ ಹೋಗಲು ಸಾಧ್ಯವಾದವರು ಅಲ್ಲಿನ ಗೌನ್ ಅಂಗಡಿಯಲ್ಲಿ ಒಂದು ಗಂಟೆ ನಿಲ್ಲಿ. ಗಿರಾಕಿಯ ಮೈಮೇಲೆ ಬಟ್ಟೆ ಕತ್ತರಿಸುವ ಕೆಲಸ ಕಣ್ಣೆದುರು ನಡೆಯುತ್ತದೆ.

ಬ್ಲೌಸ್ ಟೈಲರ್ ಹತ್ತಿರ ಕೊಟ್ಟು ಹೊಲಿಸಿದರೆ?

ನಮ್ಮ ಟೈಲರ್‌ಗಳ ಕೈ ಚೆನ್ನಾಗಿರುತ್ತದೆ, ತೊಂದರೆ ಅಭ್ಯಾಸದ್ದು. ಭುಜದ ಮೇಲೆ ಹೊಲಿಗೆ, ಎದೆಗೆ ಡಾರ್ಟ್, ಒಳಗೆ ಓವರ್‌ಲಾಕ್, ಕೇಳದೆಯೇ ಬಂದುಬಿಡುತ್ತವೆ. ಡಾರ್ಟ್ ಬೇಡ ಅಂದರೆ "ಫಿಟಿಂಗ್ ಬರಲ್ಲ ಮೇಡಂ" ಅನ್ನುತ್ತಾರೆ. ಸ್ಟೇಸ್ ಇದ್ದಾಗ ಎದೆಗೆ ಡಾರ್ಟ್ ಬೇಕಿಲ್ಲ ಎಂದು ಹಾಕಿಕೊಂಡೇ ತೋರಿಸಿ. ಒಳಲಂಗ, ಜೇಬು ಅವರಿಗೆ ಕೊಡಿ, ಗೌನ್ ನಿಮ್ಮ ಕೈಯಲ್ಲಿರಲಿ.

ಒಗೆಯೋದು ಹೇಗೆ?

ಶಿಫ್ಟ್ ಒಗೆಯಿರಿ, ಕತ್ತಿನ ವಸ್ತ್ರ ಒಗೆಯಿರಿ. ರೇಷ್ಮೆ ಗೌನನ್ನು ನೆರಳಲ್ಲಿ ಗಾಳಿಗೆ ಹಾಕಿದರೆ ಸಾಕು. ಲಿನನ್ ಮತ್ತು ಹತ್ತಿಯನ್ನು ಕತ್ತರಿಸುವ ಮೊದಲೇ ಒಮ್ಮೆ ಒಗೆದಿಡಿ, ಕುಗ್ಗುತ್ತದೆ.

ಲಂಗದ ಉದ್ದ ಎಲ್ಲಿವರೆಗೆ? ಹೆಮ್ ಯಾವಾಗ?

ಕೆಲಸದವಳ ಲಂಗವಾದರೆ ಕಣಕಾಲಿನವರೆಗೆ, ಸಿರಿವಂತಳದಾದರೆ ನೆಲದ ಹತ್ತಿರ. ಆದರೆ ಉದ್ದವನ್ನು ಕೆಳಗೆ ಸರಿಮಾಡಬೇಡಿ, ಮೇಲೆ ಸೊಂಟದಲ್ಲಿ ಸರಿಮಾಡಿ. ಕೆಳಗಿನ ಅಂಚು ಬಟ್ಟೆಯ ನೇರ ಎಳೆಯಲ್ಲೇ ಇರಲಿ. ಮೊದಲೇ ಹೆಮ್ ಮಾಡಿಟ್ಟುಬಿಡಿ. ಆಮೇಲೆ ಹೂಪ್ ಅಥವಾ ಪ್ಯಾಡ್ ಕಟ್ಟಿಕೊಂಡು ನಿಂತು, ಅಂಚು ನೆಲದಿಂದ ಸುತ್ತಲೂ ಒಂದೇ ಎತ್ತರ ಬರುವಂತೆ ಮೇಲಿನ ಬಟ್ಟೆಯನ್ನು ಎತ್ತಿ ಲಾಡಿಯ ಕೆಳಗೆ ಪಿನ್ ಮಾಡುತ್ತಾ ಬನ್ನಿ. ಹೊಟ್ಟೆಯ ಮುಂದೆ ಹೆಚ್ಚು ಮಡಿಕೆ ಬರುತ್ತದೆ, ಪಕ್ಕದಲ್ಲಿ ಕಡಿಮೆ. ಆ ಗೆರೆಗೆ ನೆರಿಗೆ ಹಿಡಿದು ಪಟ್ಟಿಗೆ ಹೊಲಿಯಿರಿ. ಲಾಡಿ ಕಟ್ಟುವಾಗ ಹಿಂಭಾಗದ್ದನ್ನು ಮೊದಲು ಮುಂದಕ್ಕೆ ತಂದು ಕಟ್ಟಿ, ಆಮೇಲೆ ಮುಂಭಾಗದ್ದನ್ನು ಹಿಂದಕ್ಕೆ. ಮೇಲೆ ಉಳಿದ ಬಟ್ಟೆಯನ್ನು ಕತ್ತರಿಸಿ ಎಸೆಯಬೇಡಿ, ಒಳಗೆ ಮಡಚಿ ಬಿಡಿ. ಮುಂದೊಮ್ಮೆ ಬಿಚ್ಚಿದಾಗ ಬೇಕಾಗುತ್ತದೆ.